ಏಳನೇ ಪ್ರಯೋಗದ ವೃತ್ತ

ದುಬ್ಬನಕೇರಿಯ ಎದುರಿನ ಕಡಲಿನಲ್ಲಿ ಎರಡೂವರೆ ಕಿಲೋಮೀಟರ್ ಅಗಲದ ಒಂದು ವೃತ್ತವನ್ನು ನಿರ್ಜೀವ ವಲಯವೆಂದು ಘೋಷಿಸಲಾಯಿತು. ಅದರೊಳಗೆ ದೋಣಿ ಹಾಕುವುದನ್ನೂ ಬಲೆ ಬಿಡುವುದನ್ನೂ ನಿಷೇಧಿಸಲಾಯಿತು. ಡಿಸೆಂಬರಿನಿಂದ ಹೊಸ ಬಂದರಿನ ಹೂಳನ್ನು ಅಲ್ಲಿ ಸುರಿಯುವುದೆಂದು ತೀರ್ಮಾನವಾಯಿತು. ಊರಿನಲ್ಲಿ ನೂರಾ ಹನ್ನೆರಡು ಮನೆಗಳಿದ್ದವು. ಯಾರನ್ನೂ ಕೇಳಲಿಲ್ಲ.

ಘೋಷಿಸಿದವನ ಹೆಸರು ರತ್ನಾಕರ. ಅವನು ಮನುಷ್ಯನಲ್ಲ, ಯಂತ್ರ. ಕರಾವಳಿ ಜ್ಞಾನ ವಿಶ್ವವಿದ್ಯಾಲಯದ ಮೊದಲ ಮಹಡಿಯ ಸಭಾಂಗಣದಲ್ಲಿ, ವರ್ಷವಿಡೀ ಹದಿನೆಂಟು ಡಿಗ್ರಿ ತಂಪಿನಲ್ಲಿ ಅವನ ವಾಸ. ನಮ್ಮ ಕರಾವಳಿಯ ಕಡಲಿನ ಪೂರ್ತಿ ನಕಲು ಅವನ ಹೊಟ್ಟೆಯಲ್ಲಿತ್ತು. ನೀರಿನ ಬಿಸಿ, ಉಪ್ಪು, ಕರಗಿದ ಆಮ್ಲಜನಕ, ಸೆಳೆತ, ಇಷ್ಟನ್ನು ಲೆಕ್ಕ ಹಾಕಿ ಎಲ್ಲಿ ಯಾವ ಮೀನು ಇದೆ, ಎಲ್ಲಿ ಇಲ್ಲ ಎಂದು ಅವನು ಹೇಳುತ್ತಿದ್ದ. ಅವನು ಹೇಳಿದಂತೆ ಕಡಲನ್ನು ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ನಿಜವಾದ ಕಡಲು ಅದೇ ಕಟ್ಟಡದಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಕಿಟಕಿಯಾಚೆಗೇ ಇತ್ತು. ಆದರೆ ಬಿಸಿಲು ಬಿದ್ದರೆ ರತ್ನಾಕರನ ತೆರೆಯ ಮೇಲಿನ ಕಡಲು ಮಂಕಾಗುತ್ತದೆಂದು ಕಿಟಕಿಗಳಿಗೆಲ್ಲ ದಪ್ಪ ಬಟ್ಟೆ ಇಳಿಬಿಟ್ಟಿದ್ದರು.

ಅವನಿಗಾಗಿ ಕಡಲಿನಲ್ಲಿ ಆರುನೂರು ಅಳತೆಯ ಬುರುಡೆಗಳನ್ನು ತೇಲಿಬಿಡಬೇಕೆಂದು ಯೋಜನೆಯಲ್ಲಿತ್ತು. ಬಿಟ್ಟದ್ದು ಹನ್ನೊಂದು. ಅವುಗಳಲ್ಲಿ ಆರು ಮೊದಲ ಮಳೆಗಾಲದಲ್ಲೇ ಹಗ್ಗ ಕಿತ್ತುಕೊಂಡು ಗೋವೆಯ ಕಡೆ ಹೋದವು. ಉಳಿದ ಖಾಲಿ ಜಾಗವನ್ನೆಲ್ಲ ‘ಇಪ್ಪತ್ತೇಳು ವರ್ಷಗಳ ಕ್ಷೇತ್ರ ವೀಕ್ಷಣೆ’ಯಿಂದ ತುಂಬಿಸಲಾಗಿದೆ ಎಂದು ವರದಿಯಲ್ಲಿ ಬರೆದಿದ್ದರು. ಆ ವೀಕ್ಷಣೆ ಯಾರದು, ಯಾವ ಕ್ಷೇತ್ರದ್ದು ಎಂದು ವರದಿ ಓದಿದ ದೊಡ್ಡವರಲ್ಲಿ ಒಬ್ಬರೂ ಕೇಳಲಿಲ್ಲ. ವರದಿಯ ರಟ್ಟು ಬಹಳ ಚೆನ್ನಾಗಿತ್ತು.

ಮೀನುಗಾರರ ಪ್ರತಿಯೊಂದು ದೋಣಿಗೂ ರತ್ನಾಕರನ ಒಂದು ಪೆಟ್ಟಿಗೆಯನ್ನು ಜಡಿದಿದ್ದರು. ದೋಣಿ ವೃತ್ತದ ಗೆರೆ ದಾಟಿದರೆ ಪೆಟ್ಟಿಗೆ ಮಾತಾಡುತ್ತಿತ್ತು. “ಮಾನ್ಯರೇ, ತಾವು ನಿರ್ಜೀವ ವಲಯವನ್ನು ಪ್ರವೇಶಿಸಿದ್ದೀರಿ. ಇದು ಪ್ರಥಮ ಎಚ್ಚರಿಕೆ.” ಮೂರನೆಯದಕ್ಕೆ ಪರವಾನಗಿ ಹೋಗುತ್ತಿತ್ತು.

“ಮಾನ್ಯರೇ ಅಂತ ನನ್ನ ಹೆಣ್ತಿ ಕರೀಲಿಲ್ಲ, ಸೊಸೈಟಿಯವ್ರು ಕರೀಲಿಲ್ಲ. ಇವ ಕರೀತ” ಎಂದ ಬುದವಂತ ಹರಿಕಂತ್ರ. ಅವನದು ಒಂದು ಸಣ್ಣ ಪಾತಿ ದೋಣಿ, ಒಂದು ಹುಟ್ಟು, ಎರಡು ಎಚ್ಚರಿಕೆ.

“ಕರೀದೆ ಎಂತಾ ಮಾಡ್ತ? ಅಳ್ಯನ ಮನೆಗೆ ಬಂದ ಭಾವನ ಹಂಗೆ ಕೂತ್ಕಂಡು ಬುದ್ಧಿ ಹೇಳೂದೊಂದೇ ಅವ್ನ ಕೆಲ್ಸ” ಎಂದಳು ಅವನ ಹೆಂಡತಿ ಹೊನ್ನಮ್ಮ. ಅಂದಿನಿಂದ ದುಬ್ಬನಕೇರಿಯಲ್ಲಿ ಆ ಪೆಟ್ಟಿಗೆಗೆ ರತ್ನಾಕರ ಭಾವ ಎಂದೇ ಹೆಸರು. ಹೊನ್ನಮ್ಮ ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ ನೋಡಿದಳು. ಭಾವ ಗೋಣಿಯೊಳಗಿನಿಂದಲೇ ಮಾನ್ಯರೇ ಎಂದ.

ಬುದವಂತನ ಮಗಳು ಶರ್ಮಿಳಾ ಆ ವರ್ಷ ನರ್ಸಿಂಗಿಗೆ ಅರ್ಜಿ ಹಾಕಿದ್ದಳು. ಬಂದದ್ದು ಬೇರೆಯೇ ಪತ್ರ: ‘ಸಮುದ್ರ ವಿಜ್ಞಾನ ಪರಿಚಯ, ಮೊದಲ ವರ್ಷ. ನಿಮ್ಮನ್ನು ಆಯ್ಕೆ ಮಾಡಲಾಗಿದೆ.’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ಥಳೀಯ ಸಹಭಾಗಿತ್ವ’ ಎಂದಿತ್ತು. ಅಂಕ ನೋಡಿ ಕರೆದಿದ್ದಾರೆ ಎಂದುಕೊಂಡಳು. ಓಣಿಯವರೂ ಹಾಗೆಯೇ ಎಂದುಕೊಂಡು ಅವಲಕ್ಕಿ ತಿಂದರು.

“ಹೋಗು ಮಗಾ” ಎಂದ ಅಪ್ಪ. “ನಮಗೆ ಗೊತ್ತಿದ್ದ ಕಡಲು ಕಡಲೇ ಅಲ್ಲ ಅಂತಾರೆ. ಅವ್ರ ಕಡಲು ಯಾವ್ದು ಅಂತ ಕಂಡ್ಕಂಡು ಬಾ.”

*

ಮೊದಲ ತರಗತಿ ರತ್ನಾಕರನ ಸಭಾಂಗಣದಲ್ಲೇ. ನಲವತ್ತು ವಿದ್ಯಾರ್ಥಿಗಳು ಸ್ವೆಟರ್ ಹಾಕಿಕೊಂಡು ಕಡಲನ್ನು ಕಲಿಯಲು ಕೂತರು. ಪಾಠ ಮಾಡಲು ಬಂದವರು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಸಂಗನಬಸಪ್ಪ ಹುಲಕೋಟಿ. ಗದಗಿನ ಕಡೆಯವರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಆದರೆ ದೋಣಿಯ ಚಿತ್ರ ನೋಡಿದರೂ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಜೇಬಿನಲ್ಲಿ ಸದಾ ನಿಂಬೆಹಣ್ಣು.

“ನೋಡ್ರಿ, ಸಮುದ್ರ ಅಂದ್ರ ಭಾಳ ದೊಡ್ಡದು” ಎಂದು ಶುರು ಮಾಡಿ, ತೆರೆಯ ಮೇಲೆ ಅಲೆ ಎದ್ದದ್ದನ್ನು ಕಂಡು ನಿಂಬೆಹಣ್ಣು ಮೂಸಿದರು. “ರತ್ನಾಕರ, ಅಲಿ ಸ್ವಲ್ಪ ಸಣ್ಣದು ಮಾಡಪಾ.”

ರತ್ನಾಕರ ಅಲೆಯನ್ನು ಸಣ್ಣದು ಮಾಡಿದ. ಕಡಲಿನಲ್ಲಿ ಹುಟ್ಟಿ ಬೆಳೆದ ಶರ್ಮಿಳಾಗೆ ಈ ಸೌಕರ್ಯ ಹೊಸದು.

ವಾರದ ಕೊನೆಗೆ ಕಿರುಪರೀಕ್ಷೆ. ತಿದ್ದುವವನು ರತ್ನಾಕರನೇ. ‘ಕಲ್ಲೂರು ಮೀನು ಎಲ್ಲಿ ಕಂಡುಬರುತ್ತದೆ?’ ಎಂಬ ಪ್ರಶ್ನೆಗೆ ಶರ್ಮಿಳಾ ಬರೆದಳು: ‘ನಮ್ಮ ಮನೆಯ ಎದುರು, ಎಂಟು ಮಾರು ಆಳದಲ್ಲಿ, ನವರಾತ್ರಿ ಕಳೆದ ಮೇಲೆ. ಹುಟ್ಟನ್ನು ನೀರಿಗೆ ಇಳಿಸಿ ಹಿಡಿಕೆಗೆ ಕಿವಿಯಿಟ್ಟರೆ ಗೊರಗೊರ ಎಂದು ಕೇಳುತ್ತದೆ.’

ಸೊನ್ನೆ ಬಂತು. ಸಭಾಂಗಣಕ್ಕೆಲ್ಲ ಕೇಳುವಂತೆ ರತ್ನಾಕರ ಕಾರಣ ಕೊಟ್ಟ. “ಸದರಿ ಪ್ರದೇಶದಲ್ಲಿ ಆಮ್ಲಜನಕ ಶೂನ್ಯ. ಮೀನು ಇರುವುದು ಅಸಾಧ್ಯ. ಮೀನು ಇದ್ದರೂ ಗೊರಗೊರ ಎನ್ನಲು ಅದಕ್ಕೆ ಉಸಿರು ಸಾಲದು.”

ಹುಡುಗರು ನಕ್ಕರು. ಶರ್ಮಿಳಾ ಎದ್ದು ನಿಂತಳು. “ಸರ್, ಅಲ್ಲಿ ಹಕ್ಕಿ ಮುಳುಗಿ ಮುಳುಗಿ ಮೀನು ಹಿಡೀತವೆ. ನಮ್ಮ ಮನೆ ಅಂಗಳದಿಂದ ಕಾಣ್ತದೆ.”

“ಹಕ್ಕಿ ತಪ್ಪು ತಿಳಕೊಂಡಿರಬೇಕು, ತಂಗಿ” ಎಂದರು ಪ್ರೊಫೆಸರ್, ನಿಜವಾದ ಕನಿಕರದಿಂದ.

*

ಪ್ರಯೋಗ ತರಗತಿಗಳಿಗೆ ರೆಕಾರ್ಡ್ ಬರೆಯಬೇಕು. ರೆಕಾರ್ಡ್ ಎಂದರೇನೆಂದು ನಮ್ಮ ಕಾಲೇಜುಗಳಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಒಂದು ಕಡೆ ಗೆರೆಯಿದ್ದು ಇನ್ನೊಂದು ಕಡೆ ಬಿಳಿಯಾಗಿರುವ ಪುಸ್ತಕ. ಮಾಡಿದ ಪ್ರಯೋಗ, ಕಂಡ ಅಳತೆ, ಬಿಡಿಸಿದ ಚಿತ್ರ ಎಲ್ಲ ಅದರಲ್ಲಿರಬೇಕು. ಪ್ರಯೋಗ ಮಾಡದಿದ್ದರೂ ಇರಬೇಕು. ಸಹಿಯಾದ ರೆಕಾರ್ಡ್ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ.

ಪ್ರಯೋಗಾಲಯದ ಅಟೆಂಡರ್ ಸಾತಣ್ಣ ಗಾವಡಿ ಕಬ್ಬಿಣದ ಟ್ರಂಕು ಎಳೆದು ತಂದು, ಕಳೆದ ವರ್ಷದವರ ರೆಕಾರ್ಡುಗಳನ್ನು ಇಸ್ಪೀಟಿನಂತೆ ಹಂಚಿದ. “ತಗಳಿ. ನೋಡ್ಕಂಡು ಬರೀರಿ. ಹತ್ತೂ ಪ್ರಯೋಗ ಅದೆ. ನೀರಿಗೆ ಹೋಗಿ ಶೀತ ಮಾಡ್ಕಳೂದು ಬೇಡ.”

“ನಾವು ಅಳತೆ ತೆಗಿಯೂದಿಲ್ವಾ ಸಾತಣ್ಣ?” ಎಂದಳು ಶರ್ಮಿಳಾ.

“ತೆಗೆದಿಟ್ಟದ್ದು ಇರುವಾಗ ಮತ್ತೆಂತಕೆ ತೆಗೀತೆ ತಂಗೀ? ಕಡಲು ಏನು ವರ್ಷಾ ವರ್ಷಾ ಬದಲಾಗ್ತದ್ಯಾ?”

ಏಳನೇ ಪ್ರಯೋಗ: ‘ಕರಾವಳಿ ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣ.’ ಬಿಳಿ ಪುಟದಲ್ಲಿ ನಕ್ಷೆ. ದಡದ ಗೆರೆ, ಹೊಳೆಯ ಬಾಯಿ, ದುಬ್ಬನಕೇರಿಯ ಗುಡ್ಡ. ಅದರೆದುರು ನೀಲಿ ಪೆನ್ನಿನ ಒಂದು ವೃತ್ತ, ನಡುವೆ ಸೊನ್ನೆ. ವೃತ್ತದ ತೆಂಕು ಬದಿಯಲ್ಲಿ ಒಂದು ಬಾಲ, ಬಾಲದ ತುದಿಗೆ ಒಂದು ಚುಕ್ಕೆ.

ಶರ್ಮಿಳಾಗೆ ಈ ವೃತ್ತ ಗೊತ್ತು. ಪಂಚಾಯ್ತಿಯ ಗೋಡೆಗೆ ಅಂಟಿಸಿದ ನಿಷೇಧದ ನಕ್ಷೆಯಲ್ಲಿ ಇದೇ ವೃತ್ತ, ಇದೇ ಬಾಲ. ಬಾಲಕ್ಕೆ ಅಲ್ಲಿ ‘ದಕ್ಷಿಣಾಭಿಮುಖ ಸೆಳೆತ’ ಎಂದು ಹೆಸರು. ಚುಕ್ಕೆಗೆ ‘ನಿರ್ಜೀವ ಉಪವಲಯ’ ಎಂದು ಹೆಸರಿಟ್ಟು, ಅದನ್ನು ನೋಡಿಕೊಳ್ಳಲು ಒಬ್ಬ ಉಪನಿರ್ದೇಶಕನನ್ನೂ ನೇಮಿಸಿದ್ದರು.

ಪಕ್ಕದಲ್ಲಿ ಕೂತಿದ್ದ ಸಹಪಾಠಿ ಲವೀನಾ ಕ್ಯಾಂಟೀನಿನ ಸಣ್ಣ ಚಾ ಗ್ಲಾಸನ್ನು ನಕ್ಷೆಯ ಮೇಲೆ ಬೋರಲು ಹಾಕದೆ, ತಳ ಕೆಳಗಾಗಿಯೇ ಇಟ್ಟು ಸುತ್ತ ಪೆನ್ನು ಎಳೆಯುತ್ತಿದ್ದಳು.

“ಅದೆಂತಕೆ ಗ್ಲಾಸು?”

“ಸೀನಿಯರ್ಸ್ ಹೇಳ್ಕೊಟ್ಟದ್ದು ಮಾರಾಯ್ತಿ. ಕಂಪಾಸಿನಲ್ಲಿ ಎಳೆದ್ರೆ ಸ್ವಲ್ಪ ಹೆಚ್ಚುಕಮ್ಮಿ ಆಗ್ತದೆ. ನಮ್ಮ ಕ್ಯಾಂಟೀನಿನ ಗ್ಲಾಸಿಟ್ರೆ ಕೂದಲೆಳೆ ವ್ಯತ್ಯಾಸ ಇಲ್ಲ. ಸೈಜು ಪರ್ಫೆಕ್ಟ್.”

ಶರ್ಮಿಳಾ ಗ್ಲಾಸನ್ನು ನೋಡಿದಳು. ನಕ್ಷೆಯನ್ನು ನೋಡಿದಳು. ಅಪ್ಪನ ಕಡಲು ಕ್ಯಾಂಟೀನಿನ ಗ್ಲಾಸಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದುವುದು ಹೇಗೆ?

“ಸಾತಣ್ಣ, ಇದ್ಕಿಂತ ಹಳೇ ರೆಕಾರ್ಡು ಅದ್ಯಾ?”

“ಅದ್ಯಾ ಅಂತ ಕೇಳ್ತೆ ನೀನು?” ಸಾತಣ್ಣನ ಎದೆ ಉಬ್ಬಿತು. “ನಾ ಸೇರಿದಂದಿನಿಂದ ಒಂದ್ ಹಾಳೆ ಬಿಸಾಡಲಿಲ್ಲ. ರತ್ನಾಕರನಿಗೆ ಉಣಿಸಿದ್ದೂ ಇದನ್ನೇ. ಆ ಯಂತ್ರದವರು ಬಂದು ಇಪ್ಪತ್ತೇಳು ವರ್ಷದ ರೆಕಾರ್ಡೂ ಒಂದೊಂದೇ ಹಾಳೆ ಫೋಟೋ ಹೊಡ್ಕಂಡು ಹೋದ್ರು. ‘ಎಷ್ಟು ಶಿಸ್ತಿನ ಮಾಹಿತಿ ಸಾತಣ್ಣ, ಒಂದು ಅಂಕಿ ಆಚೀಚೆ ಇಲ್ಲ’ ಅಂತ ಬೆನ್ನು ತಟ್ಟಿದ್ರು.”

ಒಂದು ಅಂಕಿ ಆಚೀಚೆ ಇರಲು ಹೇಗೆ ಸಾಧ್ಯ? ಸಾವಿರ ವಿದ್ಯಾರ್ಥಿಗಳು ಒಬ್ಬರದನ್ನು ಒಬ್ಬರು ನೋಡಿ ಬರೆದದ್ದು.

ಅವಳು ಟ್ರಂಕಿನ ಪಕ್ಕ ನೆಲದಲ್ಲಿ ಕೂತು ಒಂದೊಂದೇ ವರ್ಷ ಕೆಳಕ್ಕೆ ಇಳಿದಳು. ವೃತ್ತ ಒಮ್ಮೆ ನೀಲಿ, ಒಮ್ಮೆ ಹಸಿರು ಸ್ಕೆಚ್ ಪೆನ್ನು. ಒಬ್ಬ ಕಲಾವಿದ ಅದಕ್ಕೆ ನೆರಳು ಕೊಟ್ಟಿದ್ದ. ಒಬ್ಬಳು ಪುಟ್ಟ ಸತ್ತ ಮೀನು ಬಿಡಿಸಿದ್ದಳು, ಅದಕ್ಕೆ ಅರ್ಧ ಅಂಕ ಹೆಚ್ಚಿಗೆ ಬಿದ್ದಿತ್ತು. ಮೂರನೇ ತಂಡದ ರೆಕಾರ್ಡಿನವರೆಗೂ ನಡುವೆ ಸೊನ್ನೆ ಇತ್ತು. ಎರಡನೇ ತಂಡದ್ದರಲ್ಲಿ ವೃತ್ತ ಬರಿದು. ಪಕ್ಕದಲ್ಲಿ ಕೆಂಪು ಶಾಯಿ: ‘ಒಳಗೆ ಬೆಲೆ ನಮೂದಿಸಿಲ್ಲ, ಒಂದು ಅಂಕ ಕಡಿತ.’ ಮೂರನೆಯ ತಂಡದ ಜಾಣರು ಅಂಕ ಕಳೆದುಕೊಳ್ಳುವುದು ಬೇಡವೆಂದು ಸೊನ್ನೆ ಬರೆದಿದ್ದರು. ಏನೂ ಇಲ್ಲದ ಕಡೆ ಬರೆಯಲು ಅದಕ್ಕಿಂತ ಪ್ರಾಮಾಣಿಕ ಅಂಕಿ ಯಾವುದಿದೆ?

ಎಲ್ಲಕ್ಕಿಂತ ಕೆಳಗಿದ್ದ ಪುಸ್ತಕ ಗೆದ್ದಲು ತಿಂದು ಅಂಚೆಲ್ಲ ಜಾಲರಿಯಾಗಿತ್ತು. ಏಳನೇ ಪ್ರಯೋಗದ ಪುಟ ತೆರೆದಳು. ಅಲ್ಲಿ ಯಾವ ಪೆನ್ನಿನ ವೃತ್ತವೂ ಇರಲಿಲ್ಲ. ಕಂದು ಬಣ್ಣದ ಒಂದು ಕಲೆ ಇತ್ತು, ಗುಂಡಗೆ. ಗ್ಲಾಸಿನ ತಳದಿಂದ ಸ್ವಲ್ಪ ಜಾರಿ ಹರಿದ ಬಾಲ. ಬಾಲದ ತುದಿಗೆ ಒಂದು ಹನಿ.

ಮೂಸಿದಳು. ಇಪ್ಪತ್ತೇಳು ವರ್ಷವಾದರೂ ಶುಂಠಿಯ ವಾಸನೆ ಇನ್ನೂ ಇದೆ ಎನ್ನಿಸಿತು. ಬಹುಶಃ ಸಿಟ್ಟಿಗೆ ಹಾಗೆನ್ನಿಸಿರಬೇಕು. ಕ್ಯಾಂಟೀನಿನವರು ಶುಂಠಿ ಹಾಕಿದ್ದು ಯಾರಿಗೂ ನೆನಪಿಲ್ಲ.

ರಟ್ಟು ತಿರುಗಿಸಿ ಹೆಸರು ಓದಿದಳು. ‘ಸಂಗನಬಸಪ್ಪ ವೀ. ಹುಲಕೋಟಿ, ಮೊದಲ ವರ್ಷ, ಮೊದಲ ತಂಡ.’

*

“ಅಂದ್ರೆ ನಮ್ಮ ಕಡಲು ಸತ್ತದ್ದು ಚಾ ಬಿದ್ದಾ?” ಎಂದಳು ಹೊನ್ನಮ್ಮ. ಅವಳು ಅಂಗಳದಲ್ಲಿ ಕೂತು ಬಳಚಿನ ಚಿಪ್ಪು ಒಡೆಯುತ್ತಿದ್ದಳು. “ಸಕ್ರೆ ಹಾಕಿದ್ರೋ ಇಲ್ವೋ?”

“ಅವ್ವೀ, ನಗಬೇಡ.”

“ನಗದೆ ಎಂತಾ ಮಾಡ್ಲಿ ಮಗಾ? ನಮ್ಮ ಮಾವ ಸುನಾಮಿ ಕಂಡ, ತುಫಾನು ಕಂಡ. ಗ್ಲಾಸು ಕಂಡಿರ್ಲಿಲ್ಲ.”

ಬುದವಂತ ನಗಲಿಲ್ಲ. ವೃತ್ತವನ್ನು ಸುತ್ತಿ ಹೋಗಿ ಬರುವುದರಲ್ಲೇ ಅವನ ದಿನ ಮುಗಿಯುತ್ತಿತ್ತು. ಪಾತಿ ದೋಣಿಯ ಹುಟ್ಟಿಗೆ ಅಷ್ಟು ದೂರ ಹೋಗಿ ಬಲೆ ಬಿಡುವ ಶಕ್ತಿ ಎಲ್ಲಿ? ಮೂರು ದಿನಗಳಿಂದ ಬುಟ್ಟಿಯ ತಳ ಕಾಣುತ್ತಿತ್ತು. “ಚಾ ಅಂತ ನೀ ಹೇಳಿದ್ರೆ ಯಾರು ನಂಬ್ತಾರೆ? ಎಂತಾ ತೋರಿಸ್ತೆ?” ಎಂದ.

“ಅವ್ರ ಪುಸ್ತಕದಲ್ಲೇ ದಾರಿ ಅದೆ ಅಪ್ಪಾ” ಎಂದಳು ಶರ್ಮಿಳಾ. “ಬಾಟ್ಲಿಯಲ್ಲಿ ಗಾಳಿಗುಳ್ಳೆ ಬರದ ಹಂಗೆ ನೀರು ತುಂಬಬೇಕು. ಎರಡು ದ್ರಾವಣ ಬಿಡಬೇಕು. ನೀರಲ್ಲಿ ಆಮ್ಲಜನಕ ಇದ್ರೆ ಕಂದು ಗಷ್ಟು ಬರ್ತದೆ. ಇಲ್ದಿದ್ರೆ ಬಿಳಿ. ಅಷ್ಟೇ. ನೀರು ಮಾತ್ರ ವೃತ್ತದ ನಟ್ಟನಡು ಭಾಗದ್ದೇ ಆಗಬೇಕು, ಅಂಚಿಂದು ತಂದ್ರೆ ಅಂಚು ಅಂತಾರೆ.”

“ಒಳಗೆ ದೋಣಿ ಹಾಕಿದ್ರೆ ಮೂರನೇದು.”

“ದೋಣಿ ಹಾಕೂದು ಬೇಡ. ನೀ ಗೆರೆ ಹೊರಗೆ ನಿಲ್ಲು. ನಾ ಈಜ್ತೆ. ನನ್ನ ಸೊಂಟಕ್ಕೆ ಭಾವನ್ನ ಕಟ್ಟಲಿಲ್ಲ.”

ಗೆರೆಯಿಂದ ನಡುಭಾಗಕ್ಕೆ ಒಂದೂಕಾಲು ಕಿಲೋಮೀಟರ್. ಮರುದಿನ ಬೆಳಗ್ಗೆ ಸಾತಣ್ಣನ ಕಣ್ಣು ತಪ್ಪಿಸದೆ, ಅವನಿಂದಲೇ ಕೇಳಿ ಪಡೆದ ದ್ರಾವಣಗಳನ್ನು ದೋಣಿಯಲ್ಲಿಟ್ಟು, ಗಾಜಿನ ಮುಚ್ಚಳದ ಬಾಟಲಿಯನ್ನು ಕೊರಳಿಗೆ ಕಟ್ಟಿಕೊಂಡು ಅವಳು ನೀರಿಗೆ ಹಾರಿದಳು. ಬುದವಂತ ಗೆರೆಯ ಹೊರಗೆ ದೋಣಿ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ ಹಿಡಿಕೆಗೆ ಕಿವಿಯಿಟ್ಟ. ಮರದ ಮೈಯಲ್ಲಿ ಸದ್ದು ಹತ್ತಿ ಬಂತು. ಗೊರಗೊರ, ಗೊರಗೊರ. ಊಟ ಬಡಿಸಲು ತಡವಾದ ಪಂಕ್ತಿಯಂತೆ ಕಲ್ಲೂರು ಮೀನುಗಳು ಗೊಣಗುತ್ತಿದ್ದವು.

“ಮಾನ್ಯರೇ, ತಾವು ನಿರ್ಜೀವ ವಲಯದ ಸಮೀಪದಲ್ಲಿದ್ದೀರಿ” ಎಂದ ರತ್ನಾಕರ.

“ನೀ ಸುಮ್ನಿರು ಭಾವ. ಕೇಳೂಕೆ ಬಿಡು.”

ಅವಳು ಹೋಗಿ ತಲುಪಿದ್ದು ಕಂಡಿತು. ಎತ್ತಿ ತೋರಿಸಿದ ಬಾಟಲಿ ಬಿಸಿಲಿಗೆ ಮಿನುಗಿದ್ದೂ ಕಂಡಿತು. ಹಿಂದಿರುಗುವಾಗ ಗಾಳಿ ತಿರುಗಿತು. ಸೆಳೆತ ತೆಂಕಿಗಲ್ಲ, ರತ್ನಾಕರನ ಬಾಲಕ್ಕೆ ಪೂರ್ತಿ ವಿರುದ್ಧವಾಗಿ ಬಡಗು ದಿಕ್ಕಿಗೆ ಎಳೆಯತೊಡಗಿತು. ಶರ್ಮಿಳಾ ಕೈ ಬೀಸುವುದು ನಿಧಾನವಾಯಿತು. ಒಂದು ಅಲೆಯಲ್ಲಿ ತಲೆ ಕಂಡಿತು, ಮುಂದಿನ ಅಲೆಯಲ್ಲಿ ಕಾಣಲಿಲ್ಲ.

ಬುದವಂತ ಹುಟ್ಟನ್ನು ಕಿವಿಯಿಂದ ತೆಗೆದು ನೀರಿಗೆ ಹಾಕಿದ. ದೋಣಿ ಗೆರೆ ದಾಟಿತು.

“ಮಾನ್ಯರೇ, ಇದು ತೃತೀಯ ಎಚ್ಚರಿಕೆ. ತಮ್ಮ ಪರವಾನಗಿಯನ್ನು ಅಮಾನತಿನಲ್ಲಿ ಇಡಲಾಗಿದೆ. ತಮ್ಮ ಸಹಕಾರಕ್ಕೆ ವಂದನೆಗಳು.”

ದೋಣಿಯ ಅಂಚಿಗೆ ಕೈ ಸಿಕ್ಕಾಗ ಶರ್ಮಿಳಾಳ ಮೊದಲ ಮಾತು, “ಎಂತಕೆ ಬಂದೆ? ಹೋಯ್ತಲ್ಲ!”

“ಹೋಯ್ತು ಬಿಡು” ಎಂದ ಅಪ್ಪ, ಅವಳನ್ನು ಮೇಲೆಳೆದುಕೊಂಡು. “ಹೂಳು ಬಿದ್ದ ಮೇಲೆ ಪರವಾನಗಿ ಇಟ್ಕಂಡು ಎಂತಾ ಹಿಡೀಲಿ, ಕೆಸರಾ?”

ಅವಳು ಬಾಟಲಿಗೆ ಎರಡು ದ್ರಾವಣ ಬಿಟ್ಟು, ಮುಚ್ಚಳ ಹಾಕಿ, ಮೇಲೆ ಕೆಳಗೆ ತಿರುಗಿಸಿದಳು. ಬಾಟಲಿಯೊಳಗೆ ದಟ್ಟ ಕಂದು ಮೋಡ ಎದ್ದಿತು.

ಬುದವಂತ ಬಗ್ಗಿ ನೋಡಿದ. “ಇದೆಂತದೆ? ನೀನೂ ಚಾ ಮಾಡ್ದೆ?”

ಇಬ್ಬರಿಗೂ ನಗು ತಡೆಯಲಿಲ್ಲ. ಪರವಾನಗಿ ಇಲ್ಲದ ದೋಣಿಯಲ್ಲಿ, ಸತ್ತ ಕಡಲಿನ ಮಧ್ಯೆ, ಮೀನಿನ ಗೊಣಗಾಟದ ಮೇಲೆ ಕೂತು ತಂದೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಗೂ ಹೋದದ್ದೇ ಹೋಯಿತೆಂದು ಬುದವಂತ ಗಾಳ ಇಳಿಬಿಟ್ಟ. ಎರಡು ನಿಮಿಷಕ್ಕೆ ಒಂದು ಕಲ್ಲೂರು ಬಂತು.

*

ಪ್ರೊಫೆಸರರ ಕೋಣೆಯ ಮೇಜಿನ ಮೇಲೆ ಶರ್ಮಿಳಾ ಮೂರು ವಸ್ತು ಇಟ್ಟಳು. ಕಂದು ಬಾಟಲಿ, ಗೆದ್ದಲು ತಿಂದ ರೆಕಾರ್ಡ್, ಮತ್ತು ನೀರು ತುಂಬಿದ ಬಕೆಟ್ಟಿನಲ್ಲಿ ಜೀವಂತ ಕಲ್ಲೂರು. ಬಕೆಟ್ಟು ಅಲುಗಿದ್ದನ್ನು ಕಂಡು ಪ್ರೊಫೆಸರ್ ನಿಂಬೆಹಣ್ಣಿಗೆ ಕೈ ಹಾಕಿದರು. ರೆಕಾರ್ಡ್ ಕಂಡು ಕೈ ಅಲ್ಲಿಯೇ ನಿಂತಿತು.

ಆ ಕಲೆಯ ಸುತ್ತ ಬೆರಳಾಡಿಸಿದರು.

“ಅವತ್ತ ನಮ್ಮನ್ನ ದೋಣಿಯೊಳಗ ಕರಕೊಂಡು ಹೊಂಟಿದ್ರವಾ” ಎಂದರು. “ಹೊಳಿ ಬಾಯಿ ದಾಟೂದ್ರಾಗ ನಂದು ಎಲ್ಲಾ ಹೊರಗ ಬಂತು. ದಂಡಿಗೆ ಇಳಿಸಿ ಬಿಟ್ಟು ಹೋದ್ರು. ಕ್ಯಾಂಟೀನಿನ್ಯಾಗ ಕುಂತು ಅಂಕಿ ಎಲ್ಲಾ ನಾನ ಬರದೆ. ಗ್ಲಾಸು ಎಲ್ಲಿಟ್ಟೆ ಅಂತ ನೋಡ್ಲಿಲ್ಲ.”

“ಆಮೇಲೆ ನೀವೇ ಮುಖ್ಯಸ್ಥರಾದ್ರಿ ಸರ್. ಅವಾಗ ಹೇಳಬಹುದಿತ್ತಲ್ಲ?”

“ಅದಽ ನನ್ನ ಕರ್ಮ ನೋಡು. ನಾ ಮಾಸ್ತರ ಆಗಿ ಬರೂದ್ರಾಗ ವರ್ಷಾ ವರ್ಷಾ ಹುಡುಗ್ರು ವೃತ್ತಾ ತಂದು ತಂದು ತೋರಸಾಕತ್ತಿದ್ರು. ನನ್ನ ಗ್ಲಾಸು ನನಗ ಮರತಽ ಹೋಗಿತ್ತು. ಇಷ್ಟ ಮಂದಿ ಕಂಡಾರ ಅಂದಮ್ಯಾಲ ಇರಬೇಕು ಅಂತ ನಾನೂ ನಂಬಿದೆ. ನನ್ನ ಪಿಎಚ್.ಡಿ. ಆ ವೃತ್ತದ ಮ್ಯಾಲೇ ಆಗೇತಿ, ತಂಗಿ. ಮುನ್ನೂರಾ ಹತ್ತು ಪುಟ.”

ಬಕೆಟ್ಟಿನಿಂದ ಕಲ್ಲೂರು ಗೊರ್ ಎಂದಿತು.

“ಹೇಳಿಬಿಡಿ ಸರ್ ಈಗಾದ್ರೂ. ಡಿಸೆಂಬರ್ ಬಂತು.”

ಪ್ರೊಫೆಸರ್ ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. “ನಾಳೆ ಹೂಳು ಸಮಿತಿ ಬರತೈತಿ. ಸುರಿಯೂದಕ್ಕ ಮೊದಲು ಹೊಸದಾಗಿ ಸ್ಥಳ ಪರಿಶೀಲನೆ ಆಗಬೇಕಂತ ಕಾಯ್ದೆ ಐತಿ. ಪರಿಶೀಲನೆ ಅಂದ್ರ ಈ ವರ್ಷದ ನಿಮ್ಮ ನಲವತ್ತು ರೆಕಾರ್ಡು. ಅದರಾಗ ಒಂದರ ಆ ಊರಿನವರದಾಗಿರಬೇಕು. ಇಲ್ಲಂದ್ರ ರತ್ನಾಕರ ಮುಂದಕ್ಕ ಬಿಡೂದಿಲ್ಲ. ಅದಕ್ಕಽ ನಿನ್ನ ಇಲ್ಲಿ ತಗೊಂಡದ್ದು.”

ಶರ್ಮಿಳಾಗೆ ಪತ್ರದ ಕೆಳಗಿನ ಸಣ್ಣ ಅಕ್ಷರ ನೆನಪಿಗೆ ಬಂತು. ಓಣಿಯವರು ತಿಂದ ಅವಲಕ್ಕಿ ನೆನಪಿಗೆ ಬಂತು.

“ಅಂದ್ರೆ ನನ್ನ ಅಂಕ ನೋಡಿ ಅಲ್ಲ.”

“ಅಂಕಾನೂ ಚೊಲೋ ಅದಾವ” ಎಂದರು ಪ್ರೊಫೆಸರ್. ಪಾಪ, ಅದೂ ನಿಜವಾದ ಕನಿಕರವೇ.

*

ಹೂಳು ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ, ಬೆಂಗಳೂರಿನಿಂದ ಬಂದವರು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಚಾ ಕೊಟ್ಟರು. ಸಭಾಂಗಣದ ಚಳಿಗೆ ಶಾಲು ಅವರಿಗೆ ನಿಜವಾಗಿಯೂ ಉಪಯೋಗಕ್ಕೆ ಬಂತು. ತೆರೆಯ ಮೇಲೆ ನೀಲಿ ಕಡಲು, ಅದರಲ್ಲಿ ಬೂದು ಬಣ್ಣದ ಗುಂಡನೆಯ ವೃತ್ತ. ಹಿಂದಿನ ಸಾಲಿನಲ್ಲಿ ಬುದವಂತನೂ ಹೊನ್ನಮ್ಮನೂ ‘ಸ್ಥಳೀಯ ಸಹಭಾಗಿತ್ವ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಕೂತಿದ್ದರು. ಹೊನ್ನಮ್ಮನ ಕಾಲ ಬಳಿ ಬಕೆಟ್ಟಿತ್ತು.

“ಮೂವತ್ತೊಂಬತ್ತು ವೀಕ್ಷಣೆಗಳು ದಾಖಲಾಗಿವೆ” ಎಂದ ರತ್ನಾಕರ. “ಎಲ್ಲವೂ ಪರಸ್ಪರ ತಾಳೆಯಾಗುತ್ತವೆ. ಸ್ಥಳೀಯ ವೀಕ್ಷಣೆ ಬಾಕಿ ಇದೆ.”

ಶರ್ಮಿಳಾ ಎದ್ದು ಹೋಗಿ ತನ್ನ ರೆಕಾರ್ಡನ್ನು ಮೇಜಿನ ಮೇಲಿಟ್ಟಳು. ನಕ್ಷೆ ಇತ್ತು. ದಡ, ಹೊಳೆಯ ಬಾಯಿ, ಗುಡ್ಡ. ಕಡಲಿನ ನಟ್ಟನಡುವೆ ಒಂದು ಚುಕ್ಕೆ, ಅದರ ಪಕ್ಕ ಪ್ರಯೋಗಾಲಯದಲ್ಲಿ ಅವಳೇ ಅಳೆದ ಅಂಕಿ. ವೃತ್ತ ಇರಲಿಲ್ಲ. ಪಕ್ಕದಲ್ಲಿ ಬಾಟಲಿ ಇಟ್ಟಳು, ಹಳೆಯ ರೆಕಾರ್ಡು ಇಟ್ಟಳು, ನಡೆದದ್ದನ್ನೆಲ್ಲ ಹೇಳಿದಳು. ಹೊನ್ನಮ್ಮ ಬಕೆಟ್ಟನ್ನು ಹೊತ್ತು ತಂದು ರತ್ನಾಕರನ ಕ್ಯಾಮೆರಾದೆದುರು ಹಿಡಿದಳು. “ಕಾಣು ಭಾವ. ನಿನ್ನ ಶೂನ್ಯ.”

ರತ್ನಾಕರ ಮೀನನ್ನು ಪರೀಕ್ಷಿಸಿದ. “ಇದು ಕಲ್ಲೂರು. ಜೀವಂತವಿದೆ. ಸದರಿ ವಲಯದಲ್ಲಿ ಜೀವಂತ ಮೀನು ಇರುವುದು ಅಸಾಧ್ಯವಾದ್ದರಿಂದ, ಇದು ಸದರಿ ವಲಯದ್ದಲ್ಲ.”

“ನನ್ನ ಮಾವನೂ ಹಿಂಗೇ ಮಾತಾಡ್ತಿದ್ದ. ಆದ್ರೆ ಅವ ಕುಡೀತಿದ್ದ” ಎಂದಳು ಹೊನ್ನಮ್ಮ. ಹುಡುಗರು ನಕ್ಕರು. ಈ ಸಲ ಯಂತ್ರವನ್ನು ನೋಡಿ ನಕ್ಕರು.

ಅಧ್ಯಕ್ಷರು ಹಳೆಯ ರೆಕಾರ್ಡನ್ನು ಪ್ರೊಫೆಸರ್ ಕಡೆ ಸರಿಸಿದರು. “ಏನ್ ಸಾರ್ ಇದು? ಕಲೆನಾ, ವೀಕ್ಷಣೆನಾ? ನಿಮ್ಮ ಕೈಬರಹ ತಾನೇ? ಒಂದು ಮಾತು ಬರೆದು ಸಹಿ ಹಾಕಿ.”

ಸಂಗನಬಸಪ್ಪನವರು ಪೆನ್ನು ತೆಗೆದರು. ಒಮ್ಮೆ ಶರ್ಮಿಳಾಳನ್ನು, ಒಮ್ಮೆ ಬಕೆಟ್ಟನ್ನು ನೋಡಿದರು. ‘ವೀಕ್ಷಣೆ’ ಎಂದು ಬರೆದು ಸಹಿ ಹಾಕಿದರು. ಆಮೇಲೆ ನಿಂಬೆಹಣ್ಣು ಮೂಸುತ್ತ ಕೂತರು. ತೆರೆಯ ಮೇಲೆ ಒಂದು ಅಲೆಯೂ ಇರಲಿಲ್ಲ.

“ಮುಗೀತಲ್ಲ” ಎಂದರು ಅಧ್ಯಕ್ಷರು. ಶರ್ಮಿಳಾಳನ್ನು ಹತ್ತಿರ ಕರೆದರು. ದನಿ ಬಹಳ ಮೃದುವಾಗಿತ್ತು. “ನೋಡಮ್ಮಾ, ನೀನು ಜಾಣೆ. ನಿನ್ನ ರೆಕಾರ್ಡಿಗೆ ಪೂರ್ತಿ ಅಂಕ. ನಿಮ್ಮಪ್ಪನ ಪರವಾನಗಿ ಇವತ್ತೇ ವಾಪಸ್ ಕೊಡಿಸ್ತೀನಿ. ನಿನ್ನ ಅಂಕಿಯೂ ಇರಲಿ, ನಾವೇನು ಅಳಿಸು ಅಂತಿಲ್ಲ. ಅದರ ಸುತ್ತ ಒಂದು ವೃತ್ತ ಎಳೆದುಬಿಡು. ಒಂದೇ ಒಂದು.”

ತಮ್ಮೆದುರಿಗಿದ್ದ ಚಾ ಗ್ಲಾಸನ್ನು ಎತ್ತಿ ಅವಳ ನಕ್ಷೆಯ ಪಕ್ಕ ಇಟ್ಟರು. ಕ್ಯಾಂಟೀನಿನ ಅದೇ ಸಣ್ಣ ಗ್ಲಾಸು. ಅರ್ಧ ಚಾ ಇನ್ನೂ ಇತ್ತು. ಮೇಲೊಂದು ಪೆನ್ನು ಇಟ್ಟರು.

“ಸ್ಥಳೀಯ ವೀಕ್ಷಣೆಗಾಗಿ ಕಾಯುತ್ತಿದ್ದೇನೆ” ಎಂದ ರತ್ನಾಕರ.

ಶರ್ಮಿಳಾ ಹಿಂದಿನ ಸಾಲಿನ ಕಡೆ ನೋಡಿದಳು. ಬುದವಂತ ತಲೆಯಾಡಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಹುಟ್ಟಿಗೆ ಕಿವಿಯಿಟ್ಟಾಗ ಕೂರುವಂತೆ ತಲೆ ಓರೆ ಮಾಡಿ ಕೂತಿದ್ದ, ಕೇಳಲು.

ಅವಳು ಪೆನ್ನನ್ನು ಪಕ್ಕಕ್ಕಿಟ್ಟಳು. ಗ್ಲಾಸನ್ನು ಎತ್ತಿದಳು. ಅದರ ತಳದಲ್ಲಿ ಒಂದು ಹನಿ ತೂಗುತ್ತಿತ್ತು, ಈಗಲೋ ಆಗಲೋ ನಕ್ಷೆಯ ಮೇಲೆ ಬೀಳುವಂತೆ. ಅದನ್ನು ಚೂಡಿದಾರದ ವೇಲಿನ ತುದಿಯಿಂದ ಒರೆಸಿದಳು. ತಳವನ್ನು ಇನ್ನೊಮ್ಮೆ ಸುತ್ತ, ಒಣಗುವಂತೆ ಒರೆಸಿದಳು. ಗ್ಲಾಸನ್ನು ಅಧ್ಯಕ್ಷರ ಕಡೆಗೇ, ನಕ್ಷೆಯಿಂದ ಒಂದು ಮೊಳ ದೂರ ಇಟ್ಟಳು.

“ಚಾ ಆರ್ತದೆ, ಕುಡೀರಿ” ಎಂದಳು. “ನಾ ಎಳಿಯೂದಿಲ್ಲ.”